ಹೊಸಬರಿಗೆ ಮಾರ್ಗದರ್ಶಿ: ಚಿಕ್ಕಮಗಳೂರಿನ ಮನೆಗೆ ಹಳೆಯ ಸಾಮಾನಿನಿಂದ ಹೊಸ ಕಳೆ

ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ, ಮಕ್ಕಳ ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ, ಬಯಲುಸೀಮೆಯಿಂದ ವರ್ಗಾವಣೆಯಾಗಿ ಬಂದ ಕುಟುಂಬಗಳು ನಮ್ಮ ಊರಿನಲ್ಲಿ ಸಾಮಾನು ಇಳಿಸುತ್ತವೆ. ಲಾರಿಯಿಂದ ಇಳಿದದ್ದು ಒಳಗೆ ಸೇರುವ ಮೊದಲೇ ಗೋಡೆಗೆ ಯಾವ ಬಣ್ಣ ಹೊಡೆಸಬೇಕು, ಮಂಚ ಎಲ್ಲಿ ಸಿಗುತ್ತದೆ ಎಂಬ ಎರಡು ಪ್ರಶ್ನೆಗಳು, ಹೊಸಬರಿಗೆ ನೆರವಾಗುವ ನಮ್ಮ ಸಂಘದವರ ಕಿವಿಗೆ ಬೀಳುತ್ತವೆ. ಇದನ್ನು ಬರೆಯುತ್ತಿರುವ ನಾನು 16 ವರ್ಷಗಳ ಹಿಂದೆ ಗದಗಿನಿಂದ ಬಂದವಳು. ನಾನೂ ಅವೇ ಪ್ರಶ್ನೆಗಳನ್ನು ಕೇಳಿದ್ದೆ. ಉತ್ತರಕ್ಕೆ ಕಾಯದೆ ಜೂನ್ ತಿಂಗಳಲ್ಲೇ ಬಣ್ಣ ಹೊಡೆಸಿ, ಮಂಚವನ್ನೂ ಕೊಂಡು ತಂದಿದ್ದೆ. ಆಗಸ್ಟ್ ಮುಗಿಯುವುದರೊಳಗೆ ಎರಡನ್ನೂ ಕಳೆದುಕೊಂಡೆ. ಆದ್ದರಿಂದ ನನ್ನ ಮೊದಲ ಮಾತು ಇದು: ಇಲ್ಲಿ ಒಂದು ಮಳೆಗಾಲ ಕಳೆಯುವವರೆಗೆ ಮನೆಯ ಅಂದಕ್ಕೆಂದು ದೊಡ್ಡ ಹಣ ಹಾಕಬೇಡಿ. ಯಾವ ಗೋಡೆ ಬೆವರುತ್ತದೆ, ಯಾವ ಮೂಲೆಗೆ ಗಾಳಿ ಹೋಗುವುದಿಲ್ಲ, ಯಾವ ಕಿಟಕಿಯಿಂದ ಇರಚಲು ಹೊಡೆಯುತ್ತದೆ ಎಂಬುದನ್ನು ಮನೆಯೇ ನಿಮಗೆ ತೋರಿಸುತ್ತದೆ. ಅನಂತರ ಹಾಕುವ ಹಣ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಏಕೆಂದರೆ ಈ ಸೀಮೆಯ ಹಳೆಯ ಮನೆಗಳಿಂದ ಬಂದ ಮರ, ಹೆಂಚು, ಲೋಹದ ಸಾಮಾನುಗಳು ಈ ಮಳೆಯನ್ನು ತಲೆಮಾರುಗಳಿಂದ ತಡೆದುಕೊಂಡೇ ನಮ್ಮ ಕೈಗೆ ಬಂದಿರುತ್ತವೆ.

ಮೊದಲು ತೇವ, ಆಮೇಲೆ ಅಂದ

ಬಯಲುಸೀಮೆಯವರಾದ ನಮಗೆ ಧೂಳೇ ಶತ್ರು. ಅದಕ್ಕಾಗಿ ನಾವು ಕಿಟಕಿ ಮುಚ್ಚಿಡುತ್ತೇವೆ, ದಿನವೂ ಕೊಡಗಟ್ಟಲೆ ನೀರು ಸುರಿದು ನೆಲ ತೊಳೆಯುತ್ತೇವೆ, ಟ್ರಂಕು ಬೀರುಗಳನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತೇವೆ. ಈ ಮೂರು ಅಭ್ಯಾಸಗಳನ್ನೂ ಇಲ್ಲಿ ಬಿಡಬೇಕಾಗುತ್ತದೆ. ಜಿಲ್ಲೆಯ ಒಣಸೀಮೆಯಾದ ಕಡೂರಿನ ಕಡೆ ಹೇಗೋ ಏನೋ ನಡೆದೀತು, ಆದರೆ ಚಿಕ್ಕಮಗಳೂರು ಪಟ್ಟಣದಲ್ಲೂ ಇಲ್ಲಿಂದ ಮೂಡಿಗೆರೆ, ಕೊಪ್ಪ, ಶೃಂಗೇರಿಯತ್ತ ಹೋದಂತೆ ಇನ್ನೂ ಹೆಚ್ಚಾಗಿಯೂ, ಆರಿದ್ರಾ ಮಳೆ ಹಿಡಿದರೆ ಮಘೆ ಮಳೆಯವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಬಿಸಿಲು ಎಂಬುದು ಅತಿಥಿಯ ಹಾಗೆ ಬಂದು ಹೋಗುತ್ತದೆ. ಜೋರು ಮಳೆಗಿಂತ ದಿನಗಟ್ಟಲೆ ಬಿಡದ ಜಡಿಮಳೆಯೂ ಮನೆಯೊಳಗೇ ಸುಳಿಯುವ ಮಂಜೂ ಸಾಮಾನನ್ನು ಹಾಳು ಮಾಡುತ್ತವೆ.

ನನ್ನ ತಾಯಿ ಕೊಟ್ಟ ಕಬ್ಬಿಣದ ಟ್ರಂಕನ್ನು ನಾನು ಬಡಗಣ ಗೋಡೆಗೆ ತಾಗಿಸಿ ಇಟ್ಟಿದ್ದೆ. ಗೌರಿ ಹಬ್ಬಕ್ಕೆ ಸೀರೆ ತೆಗೆಯೋಣವೆಂದು ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ಹಳೆಯ ಬಾವಿಯಂಥ ವಾಸನೆ. ಮೇಲಿನ ಇಳಕಲ್ ಸೀರೆಯ ಟೋಪು ತೆನಿ ಸೆರಗಿನ ಕೆಂಪಿನ ಮೇಲೆ ಬೂದುಬಣ್ಣದ ಬೂಷ್ಟು ಸಣ್ಣ ಸಣ್ಣ ವೃತ್ತಗಳಾಗಿ ಹರಡಿತ್ತು. ಬೆರಳಿನಿಂದ ಉಜ್ಜಿದಲ್ಲಿ ಕೆಂಪು ಬಣ್ಣವೇ ಎದ್ದು ಬಂತು. ಟ್ರಂಕಿನ ಹಿಂಬದಿಯ ತಗಡು ಗೋಡೆಯ ತಣ್ಣನ್ನು ಹೀರಿ ಒಳಗೆ ನೀರಿನ ಹನಿ ಕಟ್ಟಿತ್ತು. ಆ ಸೀರೆ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಬೀರು, ಟ್ರಂಕು, ಕಪಾಟು, ಮಂಚದ ತಲೆಭಾಗ, ಯಾವುದೇ ಇರಲಿ, ಗೋಡೆಗೂ ಅದಕ್ಕೂ ನಡುವೆ ಕನಿಷ್ಠ ನಾಲ್ಕು ಬೆರಳಿನ ಅಂತರವಿರಲಿ. ಕಾಲಿಲ್ಲದ ಪೆಟ್ಟಿಗೆಯ ಕೆಳಗೆ ಎರಡು ಮರದ ತುಂಡುಗಳನ್ನು ಕೊಟ್ಟು ನೆಲದಿಂದ ಎತ್ತಿ. ಮಳೆ ಹೊಳವಾದ ಅರ್ಧ ಗಂಟೆಯಲ್ಲಿ ಬೇರೆಲ್ಲ ಕೆಲಸ ಬಿಟ್ಟು ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ನೆಲವನ್ನು ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಗೋಡೆಯಲ್ಲಿ ಬೂಷ್ಟು ಕಂಡರೆ ಅದರ ಮೇಲೆ ಚಿತ್ರಪಟವನ್ನೋ ಪರದೆಯನ್ನೋ ತೂಗುಹಾಕಿ ಮರೆಮಾಡುವ ಕೆಲಸವನ್ನು ದಯವಿಟ್ಟು ಮಾಡಬೇಡಿ. ಅದು ಮರೆಯಲ್ಲಿ ಇನ್ನೂ ಬೇಗ ಬೆಳೆಯುತ್ತದೆ. ಮೊದಲು ಮೇಲಿನ ಹೆಂಚು ಸರಿದಿದೆಯೇ, ತಾರಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡಿದೆಯೇ ಎಂದು ನೋಡಿಸಿ.

ಗೋಡೆ ಮತ್ತು ಬೆಳಕು

ಬಣ್ಣದ ಕೆಲಸಕ್ಕೆ ದೀಪಾವಳಿಯ ನಂತರ, ಗೋಡೆ ಒಣಗಿದ ಮೇಲೆ ಕೈಹಚ್ಚಿ. ಜನವರಿ, ಫೆಬ್ರವರಿ ತಿಂಗಳುಗಳು ಇನ್ನೂ ಒಳ್ಳೆಯವು. ಒದ್ದೆ ಗೋಡೆಯ ಮೇಲೆ ಹೊಡೆದ ಹೊಳಪಿನ ಬಣ್ಣ ಒಳಗಿನ ತೇವವನ್ನು ಹೊರಗೆ ಬಿಡದೆ ಗುಳ್ಳೆಯೆದ್ದು ಹಪ್ಪಳದಂತೆ ಉದುರುತ್ತದೆ. ಹಳೆಯ ಮಣ್ಣಿನ ಗೋಡೆ ಅಥವಾ ಗಾರೆಯ ಗೋಡೆ ಇದ್ದರೆ ಸುಣ್ಣಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಏಕೆಂದರೆ ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ. ಸುಣ್ಣದ ಕ್ಷಾರಗುಣದಿಂದ ಬೂಷ್ಟೂ ಬೇಗ ಹತ್ತುವುದಿಲ್ಲ. ಚೆನ್ನಾಗಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಸೇರಿಸಿ ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ಈಗಾಗಲೇ ಎಮಲ್ಷನ್ ಬಣ್ಣ ಇರುವ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ ಎಂಬುದು ನೆನಪಿರಲಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ, ಅವರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಮಬ್ಬು ಕವಿಯುವುದರಿಂದ ಕಡುಬಣ್ಣ ಬೇಡ. ಕೆನೆಬಣ್ಣ, ತಿಳಿಹಳದಿಗಳು ಇಲ್ಲಿಗೆ ಒಪ್ಪುತ್ತವೆ. ಬಲ್ಬು ಕೊಳ್ಳುವಾಗ ಡಬ್ಬಿಯ ಮೇಲೆ 2700 ಕೆಲ್ವಿನ್ ಅಥವಾ 3000 ಕೆಲ್ವಿನ್ ಎಂದು ಬರೆದಿರುವುದನ್ನು ಆರಿಸಿ. 6500 ಕೆಲ್ವಿನ್ನಿನ ನೀಲಿಬಿಳುಪಿನ ಬೆಳಕು ಮಳೆಯ ದಿನದಲ್ಲಿ ಮನೆಯನ್ನು ಇನ್ನೂ ತಣ್ಣಗೆ ಕಾಣಿಸುತ್ತದೆ. ಹೆಂಚಿನ ಮನೆಯಾದರೆ ಎರಡು ಗಾಜಿನ ಹೆಂಚು ಹಾಕಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಒಂದು ಕೋಣೆಯ ಮುಖವನ್ನೇ ಬದಲಾಯಿಸುವ ಉಪಾಯ ನನಗೆ ಬೇರೆ ತಿಳಿದಿಲ್ಲ. ಹಳೆಯ ಕೆಂಪು ಗಾರೆ ನೆಲ ಸಿಕ್ಕಿದವರು ಅದೃಷ್ಟವಂತರು. ಅದರ ಮೇಲೆ ಪ್ಲಾಸ್ಟಿಕ್ ಹಾಸು ಅಂಟಿಸಿ ಉಸಿರು ಕಟ್ಟಿಸಬೇಡಿ, ತಿಂಗಳಿಗೊಮ್ಮೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿದ ಬಟ್ಟೆಯಿಂದ ಒರೆಸಿ.

ಹಳೆಯ ಮರಮುಟ್ಟು

ನನ್ನ ಮಂಚದ ವಿಷಯಕ್ಕೆ ಬರುತ್ತೇನೆ. ಅಂಗಡಿಯವರು ಅದನ್ನು ಹಳೆಯ ತೇಗವೆಂದು ಹೇಳಿ ಕೊಟ್ಟಿದ್ದರು. ಕಾಲುಗಳ ಕಡೆತ ನೋಡಿ ನಾನು ಮರುಳಾಗಿದ್ದೆ. ಮೂರನೆಯ ವಾರದಲ್ಲಿ, ರಾತ್ರಿ ಮಳೆ ನಿಂತ ಹೊತ್ತಿನಲ್ಲಿ, ದಿಂಬಿನ ಹತ್ತಿರ ಕರಕರ ಎಂಬ ಸಣ್ಣ ಸದ್ದು ಕೇಳತೊಡಗಿತು. ಬೆಳಿಗ್ಗೆ ಗುಡಿಸುವಾಗ ಮಂಚದ ಕೆಳಗೆ ಜೋಳದ ಹಿಟ್ಟಿನಷ್ಟು ನುಣ್ಣನೆಯ ಪುಡಿ ಸಣ್ಣ ಗುಡ್ಡೆಗಳಾಗಿ ಬಿದ್ದಿತ್ತು. ಪಕ್ಕದ ಮನೆಯ ಅಜ್ಜಿ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, "ಕುಟ್ಟೆ ಹಿಡಿದಿದೆ ಕಣಮ್ಮ, ಬೇಗ ಆಚೆ ಹಾಕು" ಎಂದರು. ಒಳಗಿಡೀ ಟೊಳ್ಳಾಗಿದ್ದ ಆ ಮಂಚವನ್ನು ಹಂಡೆ ಒಲೆಗೆ ಕೊಡಬೇಕಾಯಿತು. ಅದು ತೇಗದ ಕೆಚ್ಚು, ಅಂದರೆ ಮರದ ಗಟ್ಟಿಯಾದ ನಡುಭಾಗ, ಆಗಿದ್ದರೆ ಹಾಗೆ ಆಗುತ್ತಿರಲಿಲ್ಲ. ಕುಟ್ಟೆ ಹುಳಕ್ಕೆ ಬೇಕಾದದ್ದು ಕೆಚ್ಚಿನ ಸುತ್ತಲಿನ ಬಿಳಿಯ ಮೆದು ಮರ, ಮೇಲಿನ ಬಣ್ಣ ಮುಚ್ಚಿಟ್ಟಿದ್ದೂ ಅದನ್ನೇ.

ಆದ್ದರಿಂದ ಕೊಳ್ಳುವ ಮುನ್ನ ಸಾಮಾನನ್ನು ಮಗುಚಿ ನೋಡಿ. ಬಣ್ಣ ಹಚ್ಚದ ತಳಭಾಗದಲ್ಲಿ ಮರದ ನಿಜವಾದ ಜಾತಿ ಕಾಣುತ್ತದೆ. ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದು, ಬೆರಳಿನಿಂದ ತಟ್ಟಿದಾಗ ಹೊಸ ಪುಡಿ ಉದುರಿದರೆ ಹುಳ ಒಳಗೆ ಜೀವಂತವಾಗಿದೆ ಎಂದು ತಿಳಿಯಿರಿ. ಮಣ್ಣಿನ ಗೆರೆಗಳಿದ್ದರೆ ಅದು ಗೆದ್ದಲು. ಬೀಟೆ, ತೇಗ, ಹಲಸು, ಹೊನ್ನೆ, ಈ ನಾಲ್ಕರ ಕೆಚ್ಚು ನಂಬಿಕೆಗೆ ಅರ್ಹವಾದದ್ದು. ತೋಟದ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಬೆಳೆಸುವ ಸಿಲ್ವರ್ ಓಕ್ ಅಗ್ಗವಾಗಿ ಸಿಗುತ್ತದೆ, ಆದರೆ ಹುಳದ ಔಷಧಿ ಹೊಡೆಸದೆ ಅದನ್ನು ಒಳಗೆ ತರಬೇಡಿ. ನಮ್ಮೂರಿನ ವಿಶೇಷವಾದ ಕಾಫಿ ಬೇರಿನ ಟೀಪಾಯಿಯನ್ನು ಎಲ್ಲರೂ ಆಸೆಪಟ್ಟು ಕೊಳ್ಳುತ್ತಾರೆ. ಅರೇಬಿಕಾ ಗಿಡಕ್ಕೆ ಕಾಂಡಕೊರಕದ ಕಾಟ ಹೆಚ್ಚಾದ್ದರಿಂದ ಬುಡದಲ್ಲಿ ತೂತುಗಳಿವೆಯೇ, ಚೆನ್ನಾಗಿ ಒಣಗಿದೆಯೇ ಎಂದು ನೋಡಿ ತೆಗೆದುಕೊಳ್ಳಿ.

ಹಳೆಯ ತೊಟ್ಟಿಮನೆಗಳನ್ನು ಕೆಡವಿದಾಗ ಬರುವ ಬಾಗಿಲು, ಕಿಟಕಿ, ಕಂಬಗಳು ಸಾಮಿಲ್ಲುಗಳ ಹಿಂದೆಯೂ ಗುಜರಿ ಅಂಗಡಿಗಳಲ್ಲೂ ಮಳೆಯಲ್ಲಿ ನೆನೆಯುತ್ತ ಬಿದ್ದಿರುತ್ತವೆ. ಅವನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಮನೆತನದ ಮದುವೆ, ತೊಟ್ಟಿಲು, ಶ್ರಾದ್ಧಗಳೆಲ್ಲ ಹಾದುಹೋದ ಬಾಗಿಲನ್ನು ಸೌದೆಯ ತೂಕಕ್ಕೆ ಹಾಕುವುದನ್ನು ನೋಡಲಾಗುವುದಿಲ್ಲ. ಒಂದು ಬಾಗಿಲ ಹಲಗೆಗೆ ನಾಲ್ಕು ಕಾಲು ಕೊಟ್ಟು ಮೇಲೆ ದಪ್ಪ ಗಾಜು ಹಾಸಿದರೆ ಆರು ಮಂದಿ ಕೂತು ಉಣ್ಣುವ ಮೇಜಾಗುತ್ತದೆ. ಸಣ್ಣ ಕಿಟಕಿಯ ಚೌಕಟ್ಟಿಗೆ ಕನ್ನಡಿ ಕೂಡಿಸಿ ನಿಜವಾದ ಕಿಟಕಿಯ ಎದುರು ಗೋಡೆಗೆ ತೂಗುಹಾಕಿದರೆ ಹಜಾರದ ಬೆಳಕು ಹೆಚ್ಚುತ್ತದೆ. ಈ ಕೆಲಸವನ್ನು ಹಳೆಯ ಕೂಡುಗಳ ಮರ್ಮ ತಿಳಿದ ಆಚಾರರ ಕೈಗೇ ಕೊಡಿ. ಅವರು ಮೊಳೆ ಹೊಡೆಯದೆ ಗೂಟದಿಂದ ಬಿಗಿಯುತ್ತಾರೆ, ಹೀಗಾಗಿ ಮಳೆಗಾಲದಲ್ಲಿ ಮರ ಉಬ್ಬಿದರೂ ಸೀಳುವುದಿಲ್ಲ. ಅವರು ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಹೆಚ್ಚಿರಬಹುದು. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ, ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಅಂಗಳದಿಂದಲೇ ದೂರವಿಡಿ. ಎರಡನೆಯದು, ಬೀಟೆ ಮತ್ತು ತೇಗದ ಮರಮುಟ್ಟಿನ ಸಾಗಣೆಯ ಮೇಲೆ ಅರಣ್ಯ ಕಾಯ್ದೆಯ ಕಣ್ಣಿದೆ. ರಸೀದಿ ಇಲ್ಲದೆ ಕೊಳ್ಳಬೇಡಿ. ಬೇರೆ ಊರಿಗೆ ವರ್ಗವಾದಾಗ ಕಂಬ ಬಾಗಿಲುಗಳನ್ನು ಲಾರಿಗೆ ಹೇರುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ರಹದಾರಿಯ, ಅಂದರೆ ಸಾಗಣೆ ಪರವಾನಗಿಯ, ವಿಷಯವನ್ನು ವಿಚಾರಿಸಿ.

ಊರಿನಿಂದ ತಂದ ಬಟ್ಟೆಬರೆ

ಕೌದಿ, ನವಲಗುಂದದ ಜಮಖಾನೆಗಳನ್ನು ನೀವು ಹೇಗೂ ತಂದೇ ಇರುತ್ತೀರಿ. ಅವನ್ನು ಅಟ್ಟಕ್ಕೆ ಏರಿಸಬೇಡಿ. ಬಳಸುವ ಬಟ್ಟೆಗೆ ಗಾಳಿ ಸಿಗುತ್ತದೆ, ಅಟ್ಟದ ಬಟ್ಟೆಗೆ ಬೂಷ್ಟು ಸಿಗುತ್ತದೆ. ಕೌದಿಯನ್ನು ದಿವಾನದ ಮೇಲೆ ಹಾಸಿ. ಜಮಖಾನೆಯನ್ನು ಒಳಗೋಡೆಗೆ ಬಿದಿರಿನ ಗಳುವಿನಿಂದ, ಗೋಡೆಗೆ ತಾಗದಂತೆ, ತೂಗುಹಾಕಿ. ಬಣ್ಣ ಹೋದ ನನ್ನ ಇಳಕಲ್ ಸೀರೆಯ ಸೆರಗನ್ನು ಕತ್ತರಿಸಿ ತೆಗೆದು, ಉಳಿದ ಒಡಲಿನಿಂದ ಹಜಾರದ ಎರಡು ಕಿಟಕಿಗಳಿಗೆ ಪರದೆ ಹೊಲಿಸಿದೆ. ನೀಲಿಯ ಮೂಲಕ ಸೋಸಿ ಬರುವ ಬೆಳಕನ್ನು ನನ್ನ ತಾಯಿ ಬಂದು ನೋಡಿ, ಸೀರೆ ಹಾಳಾದದ್ದಕ್ಕೆ ಬಯ್ಯಲಿಲ್ಲ. ಕಾಫಿ ತುಂಬಿದ್ದ ಹಳೆಯ ಗೋಣಿಚೀಲಗಳನ್ನು ಬೇಸಿಗೆಯ ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ಒಳಗೆ ಕಾಟನ್ ಬಟ್ಟೆ ಕೊಟ್ಟು ದಿಂಬಿನ ಗೌಸು ಮಾಡಬಹುದು.

ಹಿತ್ತಾಳೆ, ತಾಮ್ರ, ಇತರೆ

ಹಳೆಯ ಪಾತ್ರೆ ಸಾಮಾನುಗಳಿಗೆ ಹೊಸ ಬಳಕೆ ಹೀಗೆ:
ಹಿತ್ತಾಳೆಯ ಕೊಳಗ: ಮನಿಪ್ಲಾಂಟಿಗೆ.
ತಾಮ್ರದ ಹಂಡೆ: ಬಾಗಿಲ ಬಳಿ ಛತ್ರಿ ಇಡಲು. ಇಲ್ಲಿ ಮನೆಗೆ ಆರು ಛತ್ರಿ ಬೇಕು.
ಸೇರು, ಪಾವು: ಪೆನ್ನು, ಚಮಚ ಇಡಲು.
ಬೀಸುವ ಕಲ್ಲು: ತುಳಸಿಕಟ್ಟೆಯ ಪಕ್ಕ.
ಲಾಟೀನು: ಒಳಗೆ ಎಲ್‌ಇಡಿ ಬಲ್ಬು. ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್ ಕೈಯಿಂದಲೇ ಆಗಲಿ.
ಕಿಲುಬು ತೆಗೆಯಲು: ಹುಣಸೆಹಣ್ಣು, ಉಪ್ಪು, ಕೂಡಲೇ ಒಣಬಟ್ಟೆ.
ಅಡುಗೆಗೆ ಬಳಸುವುದಿದ್ದರೆ: ಕಲಾಯಿ ಹಾಕಿಸದೆ ಬೇಡ.

ಕಲ್ಲನ್ನು ಮುಟ್ಟಬೇಡಿ

ಇದು ಹೊಯ್ಸಳರ ನಾಡು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಆದರೆ ಪಟ್ಟಿಗೆ ಸೇರದ ವೀರಗಲ್ಲು, ಮಾಸ್ತಿಕಲ್ಲು, ನಾಗರಕಲ್ಲುಗಳು ಹೊಲದ ಬದುಗಳಲ್ಲೂ ಕೆರೆಯ ಏರಿಗಳ ಮೇಲೂ ಕಾವಲಿಲ್ಲದೆ ನಿಂತಿವೆ. ನಾವು ಬಂದ ಎರಡನೆಯ ವರ್ಷ, ಒಬ್ಬ ವ್ಯಾಪಾರಿ ಅಂಥ ಮುರಿದ ಕಲ್ಲೊಂದನ್ನು ಕೈತೋಟದ ಅಂದಕ್ಕೆಂದು ಮನೆಗೇ ತಂದುಕೊಡುತ್ತೇನೆಂದಾಗ ನಾನು ಮುಂಗಡ ಕೊಡಲು ಸಿದ್ಧಳಾಗಿದ್ದೆ. ಹಾಲು ತರುತ್ತಿದ್ದ ಹಿರಿಯರೊಬ್ಬರು, ಆ ಕಲ್ಲಿಗೆ ತಮ್ಮ ಊರಿನವರು ಈಗಲೂ ಎಣ್ಣೆ ಹಚ್ಚಿ ಕಾಯಿ ಒಡೆಯುತ್ತಾರೆಂದು ಹೇಳಿದ ಮೇಲೆ ನನಗೆ ತಲೆಯೆತ್ತಲಾಗಲಿಲ್ಲ. ಕಾನೂನೂ ಸ್ಪಷ್ಟವಾಗಿದೆ: 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ 100 ವರ್ಷಕ್ಕೆ ಮೀರಿದ ಶಿಲ್ಪ ಪುರಾತನ ವಸ್ತುವಾಗುತ್ತದೆ, ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವುದು ಅಪರಾಧ. ಮಾರಲು ಬಂದವರಿಂದ ಕೊಳ್ಳಬೇಡಿ, ತಹಶೀಲ್ದಾರರ ಕಚೇರಿಗೆ ತಿಳಿಸಿ. ಕಲ್ಲಿನ ಆಸೆ ಇದ್ದವರು ಹಳೆಯ ಮಂಗಳೂರು ಹೆಂಚನ್ನು ತನ್ನಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಈ ಉದ್ಯಮದ ಹೆಂಚುಗಳಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಅಚ್ಚು ಕಾಣುವಂತೆ ಹೂಕುಂಡಗಳ ಸುತ್ತ ನಿಲ್ಲಿಸಿದರೆ ಅಂಗಳಕ್ಕೆ ಬೇರೇನೂ ಬೇಡ.

ಬಾಗಿಲ ಹಲಗೆ ಮತ್ತು ಸಂಘದ ಸಲಕರಣೆ

ಮರಮುಟ್ಟಿನಲ್ಲಿ ಉಳಿದ ತುಂಡಿನಿಂದ ಮನೆಯ ಹೆಸರಿನ ಹಲಗೆ ಮಾಡಿಸಿ, ಕನ್ನಡದಲ್ಲೇ ಕೆತ್ತಿಸಿ. ಕನ್ನಡದವರ ಮನೆಯ ಬಾಗಿಲಲ್ಲಿ ಇಂಗ್ಲಿಷ್ ಫಲಕ ಮಾತ್ರ ಇರುವುದನ್ನು ನೋಡಿ ನಮಗೆ ಬೇಸರವಾಗುತ್ತದೆ. ಕಾಗುಣಿತವನ್ನು ಕೆತ್ತುವವರಿಗೆ ಕೊಡುವ ಮೊದಲು ಸಂಘದಲ್ಲಿ ಯಾರಿಗಾದರೂ ತೋರಿಸಿದರೆ ತಿದ್ದಿಕೊಡುತ್ತೇವೆ.

ಏಣಿ, ಉಜ್ಜು ಕಾಗದ, ಸುಣ್ಣದ ಕುಂಚ, ಬಣ್ಣದ ರೋಲರ್, ಡ್ರಿಲ್ಲಿಂಗ್ ಯಂತ್ರಗಳು ಸಂಘದ ಕಚೇರಿಯಲ್ಲಿವೆ. ಸದಸ್ಯರಾಗದವರಿಗೂ ಕೊಡುತ್ತೇವೆ, ಪುಸ್ತಕದಲ್ಲಿ ಹೆಸರು ಬರೆದು ಒಯ್ಯಿರಿ. ಹಿಂದಿರುಗಿಸುವಾಗ ಕುಂಚ ಮತ್ತು ರೋಲರುಗಳನ್ನು ತೊಳೆದು, ಪೂರ್ತಿ ಒಣಗಿಸಿ ತನ್ನಿ. ಹೋದ ಜುಲೈಯಲ್ಲಿ ಒದ್ದೆಯಾಗಿಯೇ ಮೂಟೆಕಟ್ಟಿ ಇಟ್ಟುಹೋದ ಆರು ಕುಂಚಗಳನ್ನು ಬೂಷ್ಟು ಹಿಡಿದು ಎಸೆಯಬೇಕಾಯಿತು.