ಫೋಟೊ ಒಂದು ಕಡೆ, ಎಡಿಟ್ ಒಂದು ಕಡೆ: ಫೋಲ್ಡರ್ ಮತ್ತು ಪ್ರಿಸೆಟ್‌ಗಳನ್ನು ನಾನು ಇಟ್ಟುಕೊಳ್ಳುವ ರೀತಿ

ಫೋಟೊ ತಿದ್ದಿ ಜೋಡಿಸಿಡುವ ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ, ರಾ ಫೈಲಿನ (ಕ್ಯಾಮೆರಾ ಕೊಡುವ ಕಚ್ಚಾ ಫೈಲ್) ಒಳಗಿನ ಚಿತ್ರವನ್ನು ಸಾಫ್ಟ್‌ವೇರ್ ಮುಟ್ಟುವುದೇ ಇಲ್ಲ. ಎಕ್ಸ್‌ಪೋಶರ್ ಎಷ್ಟು ಏರಿಸಿದಿರಿ, ಎಲ್ಲಿ ಕ್ರಾಪ್ ಮಾಡಿದಿರಿ ಎಂಬುದೆಲ್ಲ ಕ್ಯಾಟಲಾಗ್ ಎಂಬ ಒಂದು ಫೈಲಿನಲ್ಲಿ ಬರೆದಿರುತ್ತದೆ. ಆ ಫೋಟೊ ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವೂ ಅಲ್ಲೇ ಇರುತ್ತದೆ. ಮತ್ತೆ ಮತ್ತೆ ಬಳಸಲು ಉಳಿಸಿಟ್ಟ ಎಡಿಟ್ ಸೆಟ್ಟಿಂಗ್‌ಗಳ ಗುಚ್ಛವೇ ಪ್ರಿಸೆಟ್. ‘ಎಡಿಟ್ ಎಲ್ಲಾ ಹೋತು’, ‘ಪ್ರಿಸೆಟ್ ಕಾಣವಲ್ದು’ ಎಂದು ಹುಬ್ಬಳ್ಳಿ–ಧಾರವಾಡದ ಸ್ಟುಡಿಯೊಗಳಲ್ಲಿ ಕೇಳಿಬರುವ ತಕರಾರುಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರ್ ತಪ್ಪು ಜಾಗದಲ್ಲಿ ಹುಡುಕಿದ್ದರಿಂದ ಆದವು. ಫೋಟೊ, ಎಡಿಟ್ ಎರಡೂ ಎಲ್ಲಿಯೂ ಹೋಗಿರುವುದಿಲ್ಲ.

ನಾನು ಒಂದು ಕಾರ್ಯಕ್ರಮಕ್ಕೆ ಒಂದೇ ಫೋಲ್ಡರ್ ಮಾಡುತ್ತೇನೆ. ನಮ್ಮ ಕಡೆ ಮದುವೆ ಎಂದರೆ ಹಿಂದಿನ ದಿನ ಅರಿಶಿಣ, ಸುರಗಿ, ಮರುದಿನ ಅಕ್ಕಿಕಾಳು. ಇಂಪೋರ್ಟ್ ಮಾಡುವಾಗ ‘ಬೈ ಡೇಟ್’ ಹಾಗೇ ಬಿಟ್ಟರೆ ಒಂದೇ ಮದುವೆ ಎರಡು ಫೋಲ್ಡರುಗಳಿಗೆ ಹರಿದು ಹೋಗುತ್ತದೆ. ಹಾಗಾಗಿ ‘ಇಂಟು ಒನ್ ಫೋಲ್ಡರ್’ ಆಯ್ದು, 2025-05-11-ಗದಗ-ಮದುವೆ ಎಂಬ ಮಾದರಿಯಲ್ಲಿ ಹೆಸರು ಕೊಡುತ್ತೇನೆ. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಇದ್ದರೆ ಪಟ್ಟಿ ತಾನಾಗಿಯೇ ಕ್ರಮವಾಗಿ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಮಾತ್ರ ಈ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡುತ್ತೇನೆ. ವಿಂಡೋಸ್ ಕನ್ನಡವನ್ನು ಒಪ್ಪುತ್ತದೆ, ಆದರೆ ಆ ಫೋಲ್ಡರ್ ಮುಂದೆ ಆಲ್ಬಂ ಡಿಸೈನರ್ ಕೈಗೆ, ಲ್ಯಾಬಿಗೆ ಹೋಗುತ್ತದೆ. ಅಲ್ಲಿಯ ಹಳೆಯ ಸಾಫ್ಟ್‌ವೇರ್‌ನಲ್ಲಿ ಕನ್ನಡದ ಹೆಸರು ಬರೀ ಚೌಕಗಳಾಗಿ ಕಾಣಬಹುದು.

24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ ಸುಮಾರು 25ರಿಂದ 30 ಎಂಬಿ. 3000 ಫ್ರೇಮ್ ಎಂದರೆ 75ರಿಂದ 90 ಜಿಬಿ ಆಯಿತು. ಎರಡು ಬೇರೆ ಡಿಸ್ಕುಗಳಲ್ಲಿ ಪ್ರತಿ ಕುಳಿತು, ಫೈಲುಗಳ ಲೆಕ್ಕ ಕಾರ್ಡಿನ ಲೆಕ್ಕಕ್ಕೆ ತಾಳೆಯಾದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್.

ಇಬ್ಬರು ಎರಡು ಕ್ಯಾಮೆರಾ ಹಿಡಿದಿದ್ದರೆ ಗಡಿಯಾರದ ವ್ಯತ್ಯಾಸ ಕಾಡುತ್ತದೆ. ಎರಡು ನಿಮಿಷ ಹಿಂದೆಮುಂದೆ ಇದ್ದರೂ ಫೋಟೊಗಳ ಸಾಲಿನಲ್ಲಿ ತಾಳಿ ಕಟ್ಟುವ ಮೊದಲೇ ಅಕ್ಕಿಕಾಳು ಬೀಳುತ್ತದೆ. ಇಬ್ಬರೂ ಹೊಡೆದ ಒಂದು ಕ್ಷಣವನ್ನು ಹುಡುಕಿ. ಗ್ರಿಡ್ ನೋಟದಲ್ಲಿ ಎರಡನೇ ಕ್ಯಾಮೆರಾದ ಎಲ್ಲ ಫೋಟೊ ಆಯ್ದು, ಆ ಕ್ಷಣದ ಫೋಟೊವನ್ನು ಮುಖ್ಯವಾಗಿಟ್ಟುಕೊಂಡು, ಮೆಟಾಡೇಟಾ ಮೆನುವಿನ ‘ಎಡಿಟ್ ಕ್ಯಾಪ್ಚರ್ ಟೈಮ್’ನಲ್ಲಿ ಸರಿಯಾದ ಸಮಯ ಕೊಟ್ಟರೆ ಉಳಿದವೂ ಅಷ್ಟೇ ಸರಿಯುತ್ತವೆ. ಒಂದೇ ಫೋಟೊ ದೊಡ್ಡದಾಗಿ ತೆರೆದಿರುವಾಗ ಇದನ್ನು ಮಾಡಿದರೆ ಅದೊಂದೇ ಬದಲಾಗುತ್ತದೆ.

ಹೆಸರು ಬದಲಿಸುವ ಕೆಲಸ ಇದಾದ ಮೇಲೆ. ಕ್ಯಾಮೆರಾದ ನಂಬರು 9999 ದಾಟಿದರೆ ಮತ್ತೆ 0001ಕ್ಕೆ ಬರುತ್ತದೆ. ಒಂದೇ ಕಂಪನಿಯ ಎರಡು ಬಾಡಿಗಳಿದ್ದರೆ ಒಂದೇ ಹೆಸರಿನ ಫೈಲುಗಳು ಎದುರಾಗಿ, ಬೇರೆ ಡಿಸ್ಕಿಗೆ ಕಾಪಿ ಮಾಡುವಾಗ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ತಾರೀಖು, ಗಂಟೆ-ನಿಮಿಷ-ಸೆಕೆಂಡು, ಆಮೇಲೆ ಕ್ಯಾಮೆರಾಕ್ಕೊಂದು ಅಕ್ಷರ, ಕೊನೆಗೆ ಮೂಲ ನಂಬರು. ಬರ್ಸ್ಟ್‌ನಲ್ಲಿ ಒಂದೇ ಸೆಕೆಂಡಿಗೆ ಐದಾರು ಫ್ರೇಮ್ ಬರುವುದರಿಂದ ಆ ನಂಬರನ್ನು ಬಿಡುವಂತಿಲ್ಲ.

ಸೀಸನ್ ಮುಗಿದು ಎಸ್‌ಎಸ್‌ಡಿಯಿಂದ ದೊಡ್ಡ ಹಾರ್ಡ್‌ಡಿಸ್ಕಿಗೆ ಸಾಗಿಸುವ ಹೊತ್ತು ಬರುತ್ತದಲ್ಲ, ಅಲ್ಲೇ ಹೆಚ್ಚಿನವರು ಎಡವುತ್ತಾರೆ. ಫೋಲ್ಡರನ್ನು ವಿಂಡೋಸ್‌ನ ಎಕ್ಸ್‌ಪ್ಲೋರರ್‌ನಲ್ಲಿ ಎಳೆದುಹಾಕಿದರೆ ಲೈಟ್‌ರೂಮ್‌ಗೆ ಸುದ್ದಿಯೇ ಇಲ್ಲ; ಹೆಸರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಆಗ ದಯವಿಟ್ಟು ‘ರಿಮೂವ್’ ಒತ್ತಿ ಮತ್ತೆ ಇಂಪೋರ್ಟ್ ಮಾಡಬೇಡಿ. ಕ್ಯಾಟಲಾಗಿನಲ್ಲಿದ್ದ ಎಡಿಟ್ ಹೋಗುವುದು ಆ ಒಂದು ಒತ್ತಿಗೆ. ರೈಟ್ ಕ್ಲಿಕ್ ಮಾಡಿ ‘ಫೈಂಡ್ ಮಿಸ್ಸಿಂಗ್ ಫೋಲ್ಡರ್’ ಕೊಟ್ಟು ಹೊಸ ಜಾಗ ತೋರಿಸಿದರೆ ಎಲ್ಲವೂ ಮರಳಿ ಬರುತ್ತದೆ.

ಸಣ್ಣ ಫೋಲ್ಡರುಗಳನ್ನು ನಾನು ಲೈಟ್‌ರೂಮ್ ಒಳಗಿನ ಫೋಲ್ಡರ್ ಪಟ್ಟಿಯಲ್ಲೇ ಎಳೆಯುತ್ತೇನೆ. 90 ಜಿಬಿಯಂಥದ್ದನ್ನು ಹಾಗೆ ಎಳೆಯುವುದಿಲ್ಲ. ನಡುವೆ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಮೊದಲು ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ, ಆಮೇಲೆ ಫೈಲುಗಳ ಸಂಖ್ಯೆ ಮತ್ತು ಗಾತ್ರದ ತಾಳೆ. ನಂತರ ಹಳೆಯ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಅಪ್‌ಡೇಟ್ ಫೋಲ್ಡರ್ ಲೊಕೇಶನ್’. ಹೊಸ ಜಾಗದಲ್ಲಿ ಎಡಿಟ್‌ಗಳು ಕಂಡ ಮೇಲೆ ಹಳೆಯದನ್ನು ಅಳಿಸುತ್ತೇನೆ.

ಯುಎಸ್‌ಬಿ ಡಿಸ್ಕಿಗೆ ಒಂದು ದಿನ ಇ, ಇನ್ನೊಂದು ದಿನ ಎಫ್ ಅಕ್ಷರ ಸಿಕ್ಕರೂ ಇದೇ ಪ್ರಶ್ನಾರ್ಥಕ ಚಿಹ್ನೆ ಬರಬಹುದು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದಕ್ಕೆ ಪಿ ಅಥವಾ ಆರ್‌ನಂಥ ದೂರದ ಅಕ್ಷರವನ್ನು ಕಾಯಂ ಮಾಡಿಡಿ. ‘ಆಟೊಮ್ಯಾಟಿಕಲಿ ರೈಟ್ ಚೇಂಜಸ್ ಇಂಟು ಎಕ್ಸ್‌ಎಂಪಿ’ ಟಿಕ್ ಮಾಡಿದ್ದರೆ ಎಡಿಟ್‌ನ ಒಂದು ನಕಲು ರಾ ಫೈಲಿನ ಪಕ್ಕದಲ್ಲೇ ಕೂರುತ್ತದೆ. ವರ್ಚುವಲ್ ಕಾಪಿ (ಅದೇ ಫೋಟೊದ ಇನ್ನೊಂದು ಎಡಿಟ್), ಕಲೆಕ್ಷನ್‌ಗಳು (ಆಯ್ದ ಫೋಟೊಗಳ ಗುಂಪು) ಅದರಲ್ಲಿ ಬರುವುದಿಲ್ಲ, ಅವಕ್ಕೆ ಕ್ಯಾಟಲಾಗಿನ ಬ್ಯಾಕಪ್ಪೇ ಬೇಕು. ಆ ಬ್ಯಾಕಪ್ಪಿನಲ್ಲಿ ಫೋಟೊ ಇರುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ಪ್ರಿಸೆಟ್. ಕೊಂಡ ಪ್ರಿಸೆಟ್ ಇನ್ನೂರು ಇದ್ದರೂ ಕೆಲಸಕ್ಕೆ ಬರುವುದು ಆರೇಳು. ನಾನು ಕ್ಯಾಮೆರಾಕ್ಕೆ ಸೇರಿದ್ದನ್ನು, ಬೆಳಕಿಗೆ ಸೇರಿದ್ದನ್ನು ಬೇರೆ ಬೇರೆ ಇಡುತ್ತೇನೆ. ಪ್ರೊಫೈಲ್ (ರಾ ಫೈಲಿನ ಬಣ್ಣ ತೋರಿಸುವ ಮೂಲ ರೀತಿ), ಲೆನ್ಸ್ ಕರೆಕ್ಷನ್, ನಾಯ್ಸ್ ರಿಡಕ್ಷನ್ (ಚಿತ್ರದಲ್ಲಿನ ಕಾಳುಕಾಳು ತಗ್ಗಿಸುವುದು) ಇವು ಕ್ಯಾಮೆರಾಕ್ಕೆ ಸೇರಿದವು. ಇವುಗಳಿಂದ ಒಂದು ಪ್ರಿಸೆಟ್ ಮಾಡಿ, ಪ್ರಿಫರೆನ್ಸಸ್‌ನ ಪ್ರಿಸೆಟ್ಸ್ ಪುಟದಲ್ಲಿ ಆ ಮಾಡೆಲ್‌ನ ರಾ ಡಿಫಾಲ್ಟ್ ಎಂದು ಕಟ್ಟಿಬಿಡುತ್ತೇನೆ. ಅಲ್ಲಿಂದ ಮುಂದೆ ಇಂಪೋರ್ಟ್ ಆಗುವ ಆ ಮಾಡೆಲ್‌ನ ಪ್ರತಿ ರಾ ಫೋಟೊಗೂ ಅದು ತಾನಾಗಿ ಕೂರುತ್ತದೆ. ಹಳೆಯ ಫೋಟೊಗಳಿಗೆ ಬೇಕಿದ್ದರೆ ‘ರಿಸೆಟ್’ ಒತ್ತಬೇಕು, ಆದರೆ ಅವುಗಳ ಮೇಲಿನ ಎಡಿಟ್ ಹೋಗುತ್ತದೆ.

ನಾಯ್ಸ್‌ಗೆ ಒಂದೇ ಅಂಕಿ ಸಾಲದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಂಕಿ) 400ರ ಫೋಟೊಗೆ ನಾಯ್ಸ್ ರಿಡಕ್ಷನ್‌ನ ಲ್ಯೂಮಿನೆನ್ಸ್ 0, 6400ರದಕ್ಕೆ 30 ಎಂದು ಕೊಟ್ಟು, ಎರಡನ್ನೂ ಒಟ್ಟಿಗೆ ಆಯ್ದು ಪ್ರಿಸೆಟ್ ಉಳಿಸುವಾಗ ‘ಐಎಸ್‌ಒ ಅಡಾಪ್ಟಿವ್’ ಟಿಕ್ ಮಾಡಿದರೆ ನಡುವಿನ ಅಂಕಿಗಳನ್ನು ಸಾಫ್ಟ್‌ವೇರೇ ಲೆಕ್ಕ ಹಾಕಿಕೊಳ್ಳುತ್ತದೆ.

ಬೆಳಕಿನ ಪ್ರಿಸೆಟ್‌ನಲ್ಲಿ ಪ್ರೊಫೈಲ್, ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್ ಮೂರರ ಟಿಕ್ ತೆಗೆಯಿರಿ. ನಿಕಾನ್‌ನ ‘ಕ್ಯಾಮೆರಾ ಪೋರ್ಟ್ರೇಟ್’ ಪ್ರೊಫೈಲ್ ಸೇರಿಸಿ ಉಳಿಸಿದ ಪ್ರಿಸೆಟ್ ಆ ಪ್ರೊಫೈಲ್ ಇಲ್ಲದ ಕ್ಯಾಮೆರಾದ ಫೋಟೊಗೆ ಪೂರ್ತಿ ಹೊಂದುವುದಿಲ್ಲ. ಪಟ್ಟಿಯಲ್ಲಿ ಮಂಕಾಗಿ, ಓರೆಯಾಗಿ ಕಾಣುತ್ತದೆ, ಇಲ್ಲವೇ ಮರೆಯಾಗುತ್ತದೆ. ವೈಟ್ ಬ್ಯಾಲೆನ್ಸ್ ರಾದಲ್ಲಿ 4800 ಕೆಲ್ವಿನ್‌ನಂಥ ಅಂಕಿ, ಜೆಪೆಗ್‌ನಲ್ಲಿ ಸೊನ್ನೆಯಿಂದ ಆಚೆಈಚೆ. ಒಂದರದ್ದು ಇನ್ನೊಂದಕ್ಕೆ ಸಲ್ಲುವುದಿಲ್ಲ.

ಹಳದಿ ಬಟ್ಟೆಯ ಪೆಂಡಾಲಿನ ಕೆಳಗೆ ಮುಖವೆಲ್ಲ ಹಳದಿ ಹೊಡೆಯುತ್ತದೆ. ಅದನ್ನು ತಗ್ಗಿಸಲು ಆರೆಂಜ್, ಯೆಲ್ಲೊ ಸ್ಯಾಚುರೇಶನ್ ಇಳಿಸಿ ಪ್ರಿಸೆಟ್ ಮಾಡಿದರೆ ಅರಿಶಿಣ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಬಂಗಾರ ಬಿಳಿಚುತ್ತದೆ. ಅಲ್ಲಿ ವೈಟ್ ಬ್ಯಾಲೆನ್ಸನ್ನು ಕೈಯಿಂದಲೇ ಸರಿಪಡಿಸಬೇಕು. ಪಂಚೆಯ ಬಿಳಿಯ ಮೇಲೆ ಡ್ರಾಪರ್ ಇಟ್ಟು ಶುರು ಮಾಡುತ್ತೇನೆ. ಇಳಕಲ್ ಸೀರೆಯ ಕೆಂಪು ಸೆರಗಿನದು ಇನ್ನೊಂದು ಕಥೆ. ಹಿಸ್ಟೋಗ್ರಾಂನಲ್ಲಿ (ಬೆಳಕು, ಬಣ್ಣಗಳ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಬಲ ಅಂಚಿಗೆ ಬಡಿದರೆ ರೇಷ್ಮೆಯ ನೆರಿಗೆ ಕಾಣದೆ ಸೆರಗು ಬಣ್ಣ ಬಳಿದ ಹಾಳೆಯಂತಾಗುತ್ತದೆ. ಪ್ರೊಫೈಲನ್ನು ‘ಅಡೋಬಿ ನ್ಯೂಟ್ರಲ್’ ಮಾಡಿ, ರೆಡ್ ಸ್ಯಾಚುರೇಶನ್ 10ರಿಂದ 15 ಇಳಿಸಿದರೆ ನೆರಿಗೆ ಮತ್ತೆ ಮೂಡುತ್ತದೆ. ಇದನ್ನು ಆ ಫೋಟೊಗಳಿಗೆ ಮಾತ್ರ ಮಾಡಿ.

ಪ್ರಿಸೆಟ್ ಪಟ್ಟಿ ಒಮ್ಮೆಲೇ ಖಾಲಿಯಾದರೆ ‘ಸ್ಟೋರ್ ಪ್ರಿಸೆಟ್ಸ್ ವಿತ್ ದಿಸ್ ಕ್ಯಾಟಲಾಗ್’ ಎಂಬ ಟಿಕ್ ನೋಡಿ. ಅದು ಬದಲಾದರೆ ಸಾಫ್ಟ್‌ವೇರ್ ಬೇರೆ ಫೋಲ್ಡರಿನಲ್ಲಿ ಹುಡುಕುತ್ತದೆ. ಟಿಕ್ ಇಲ್ಲದಾಗ ವಿಂಡೋಸ್‌ನಲ್ಲಿ ಅವು ಇರುವುದು ಯೂಸರ್ ಹೆಸರಿನ ಒಳಗೆ ಆ್ಯಪ್‌ಡೇಟಾ, ರೋಮಿಂಗ್, ಅಡೋಬಿ, ಕ್ಯಾಮೆರಾರಾ, ಸೆಟ್ಟಿಂಗ್ಸ್. ಆ್ಯಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್. ವಿಂಡೋಸ್ ಫಾರ್ಮ್ಯಾಟ್ ಮಾಡುವವರು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎತ್ತಿಟ್ಟು ಇದನ್ನು ಬಿಡುತ್ತಾರೆ. ಕಂಪ್ಯೂಟರನ್ನು ರಿಪೇರಿಗೆ ಕೊಡುವ ಮೊದಲು ಸೆಟ್ಟಿಂಗ್ಸ್ ಜೊತೆಗೆ ಪಕ್ಕದ ಕ್ಯಾಮೆರಾಪ್ರೊಫೈಲ್ಸ್ ಫೋಲ್ಡರನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.