ಮನೆಯಲ್ಲೇ ಹಿಹೋನಾ ತುರ್ರೋನ್: ನನ್ನ ಅನುಭವ

ಸ್ಪೇನ್‌ನ ಅಲಿಕಾಂತೆಗೆ ಬಂದ ಮೇಲೆ ನನಗೆ ಹತ್ತಿದ ಹುಚ್ಚು ತುರ್ರೋನ್ ಅನ್ನೋ ಸಿಹಿತಿನಿಸು. ಬಾದಾಮಿ, ಜೇನುತುಪ್ಪ, ಸಕ್ಕರೆ, ಮೊಟ್ಟೆಯ ಬಿಳಿ, ಇಷ್ಟೇ ಸಾಮಾನು. ಎರಡು ಥರ ಸಿಗುತ್ತದೆ. ಇಡೀ ಬಾದಾಮಿಯ ಗಟ್ಟಿಯದಕ್ಕೆ ಅಲಿಕಾಂತೆ ಅಂತಾರೆ, ಬಾಯಲ್ಲಿ ಕರಗುವ ಮೆತ್ತನೆಯದಕ್ಕೆ ಹಿಹೋನಾ. ಎರಡನ್ನೂ ಮಾಡುವುದು ಮಾತ್ರ ಇಲ್ಲಿನ ಗುಡ್ಡಗಳ ನಡುವಿನ ಹಿಹೋನಾ ಅನ್ನೋ ಪುಟ್ಟ ಊರಲ್ಲೇ. 1996ರಿಂದ ಇವಕ್ಕೆ ಐರೋಪ್ಯ ಒಕ್ಕೂಟದ ಜಿಐ (ಭೌಗೋಳಿಕ ಸೂಚಕ) ರಕ್ಷಣೆ ಇದೆ, ಅಂದರೆ ಆ ಊರಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಹಾಗಾಗಿ ನಾನು ಮನೆಯಲ್ಲಿ ಮಾಡಿದ್ದನ್ನು ಆ ಹೆಸರಲ್ಲಿ ಮಾರುವ ಹಾಗಿಲ್ಲ, ತಿನ್ನೋಕೆ ಅಡ್ಡಿಯಿಲ್ಲ!

ಒಂದು ಕಿಲೋಗೆ 650 ಗ್ರಾಂ ಬಾದಾಮಿ ತಗೊಂಡೆ. ಮಾರ್ಕೋನಾ ಜಾತಿಯದು, ದುಂಡಗೆ, ಎಣ್ಣೆ ಜಾಸ್ತಿ. ಸಿಪ್ಪೆ ತೆಗೆದು ಹೊಂಬಣ್ಣ ಬರುವಷ್ಟು ಹುರಿದೆ. ಜೇನುತುಪ್ಪ, ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ ಪಾಕ ಮಾಡಿದೆ. ತಣ್ಣೀರಿಗೆ ಹನಿ ಬಿಟ್ಟರೆ ಟಕ್ಕಂತ ಮುರಿಯಬೇಕು, ನಮ್ಮ ಚಿಕ್ಕಿ ಪಾಕದ ಹಾಗೆ. ನೊರೆ ಬರಿಸಿದ ಮೊಟ್ಟೆಯ ಬಿಳಿಗೆ ಪಾಕವನ್ನು ನಿಧಾನವಾಗಿ ಸುರಿದು, ಮತ್ತೆ ಒಲೆ ಮೇಲಿಟ್ಟು ಬೆಳ್ಳಗೆ ದಪ್ಪಗಾಗುವವರೆಗೂ ತಿರುವಿ, ಬಿಸಿ ಬಾದಾಮಿ ಸೇರಿಸಿ ತಟ್ಟೆಗೆ ಹರವಿದೆ.

ಇಲ್ಲಿಗೇ ನಿಲ್ಲಿಸಿದರೆ ಅದು ಗಟ್ಟಿ ತುರ್ರೋನ್. ಹಿಹೋನಾ ಬೇಕಂದರೆ ಅದನ್ನೇ ಮುರಿದು ಅರೆಯಬೇಕು. ಮಿಕ್ಸಿಯಲ್ಲಿ ಮೊದಲು ಒಣಪುಡಿ ಆಗುತ್ತದೆ, ಆಮೇಲೆ ಪುಡಿ ಒದ್ದೆಯಾದ ಹಾಗೆ ಮುದ್ದೆ ಕಟ್ಟುತ್ತದೆ, ಬಿಡದೆ ತಿರುವಿದರೆ ಅಂಚಿನಲ್ಲಿ ಎಣ್ಣೆ ಮಿನುಗಲು ಶುರುವಾಗಿ ಇಡೀ ಮುದ್ದೆ ಸಡಿಲಾಗುತ್ತದೆ. ಈ ಸಿಹಿಯ ಮೆತ್ತನೆಯ ಗುಟ್ಟೆಲ್ಲ ಇದೇ. ಬೆಣ್ಣೆ ಇಲ್ಲ, ತುಪ್ಪ ಇಲ್ಲ, ಬಾದಾಮಿ ತಾನೇ ಬಿಟ್ಟ ಎಣ್ಣೆ. ಮೇಲ್ದರ್ಜೆಯ ‘ಸುಪ್ರೆಮಾ’ ಹಿಹೋನಾದಲ್ಲಿ ಬಾದಾಮಿ ಕನಿಷ್ಠ 64 ಶೇಕಡಾ ಇರಲೇಬೇಕು ಅನ್ನೋ ನಿಯಮ ಸುಮ್ನೆ ಬಂದದ್ದಲ್ಲ ಅಂತ ಆಗ ನನಗೆ ಅರ್ಥವಾಯಿತು. ಗಟ್ಟಿಯದಕ್ಕೆ 60 ಸಾಕು, ಅಲ್ಲಿ ಬಾದಾಮಿ ಎಣ್ಣೆ ಬಿಡಬೇಕಿಲ್ಲ ನೋಡಿ.

ಆಮೇಲೆ ಮತ್ತೆ ಒಲೆ. ಹಿಹೋನಾದ ಕಾರ್ಖಾನೆಗಳಲ್ಲಿ ಇದಕ್ಕೆ ಬೊಯ್ಶೆಟ್ ಅಂತ ಒಂದು ಯಂತ್ರ ಇದೆ, ಬಿಸಿ ಕೊಪ್ಪರಿಗೆಯಲ್ಲಿ ಒನಕೆಯಂಥದ್ದು ಮೇಲೆ ಕೆಳಗೆ ಕುಟ್ಟುತ್ತಾ ಇರುತ್ತದೆ. ನಾನು ದಪ್ಪ ತಳದ ಪಾತ್ರೆಯಲ್ಲಿ, ಅತಿ ಸಣ್ಣ ಉರಿಯಲ್ಲಿ, ಮರದ ಸೌಟಿನಿಂದ ತಿರುವಿದೆ. ಕೈ ಸೋಲುತ್ತದೆ, ಬಿಡಬಾರದು. ಅಚ್ಚಿಗೆ ಒತ್ತಿ, ಮೇಲೆ ತೂಕ ಇಟ್ಟು ಒಂದೆರಡು ದಿನ ಬಿಟ್ಟರೆ ಹೆಚ್ಚಿನ ಎಣ್ಣೆ ಜಿನುಗಿ ಹೊರಗೆ ಬರುತ್ತದೆ.

ಇಷ್ಟು ಕಷ್ಟದ ತಿನಿಸಿಗೆ ಬೆಲೆ ಹಿಂದಿನಿಂದಲೂ ಇತ್ತು. 1582ರ ಒಂದು ಕಾಗದದಲ್ಲಿ, ಅಲಿಕಾಂತೆ ನಗರ ತನ್ನ ನೌಕರರಿಗೆ ಕ್ರಿಸ್‌ಮಸ್‌ ಸಮಯದಲ್ಲಿ ಸಂಬಳದ ಒಂದು ಪಾಲನ್ನು ತುರ್ರೋನ್ ರೂಪದಲ್ಲೇ ಕೊಡುತ್ತಿತ್ತು ಅಂತಿದೆ. ಆದರೆ ಇದು ಚಳಿಗಾಲದ ವ್ಯಾಪಾರ. ಹಾಗಾಗಿ ಹಿಹೋನಾದ ಅನೇಕ ಕುಟುಂಬಗಳು ಬೇಸಿಗೆಯಲ್ಲಿ ಐಸ್‌ಕ್ರೀಮ್‌ ಹಿಡಿದು ಸ್ಪೇನ್ ತುಂಬಾ ಹೆಸರು ಮಾಡಿದವು.

ಮೊಟ್ಟೆ ತಿನ್ನದವರು ಮೆತ್ತನೆಯದನ್ನು ಬರೀ ಜೇನಿನ ಪಾಕದಲ್ಲೇ ಮಾಡಬಹುದು. ಬಣ್ಣ ಸ್ವಲ್ಪ ಗಾಢ ಬರುತ್ತದೆ, ಆದರೂ ಚೆನ್ನಾಗೇ ಆಗುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ತಣ್ಣಗಿದ್ದರೆ ರುಚಿಯೇ ಗೊತ್ತಾಗುವುದಿಲ್ಲ.