ಜಾವಾಎಕ್ಸ್‌ನಿಂದ ಜಕಾರ್ತಾಗೆ: ಕೊನೆಗೂ ದಾಟಿದೆವು

ನಮ್ಮ ಸಾಫ್ಟ್‌ವೇರ್ ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ವೆಬ್ ಸಾಫ್ಟ್‌ವೇರ್ ಕಟ್ಟುವ ಚೌಕಟ್ಟು) 2.7ರ ಮೇಲಿತ್ತು. 3ರಲ್ಲಿ 'ಜಾವಾಎಕ್ಸ್' ಅಂತ ಶುರುವಾಗುತ್ತಿದ್ದ ಹಲವು ಪ್ಯಾಕೇಜ್‌ಗಳ ಹೆಸರು 'ಜಕಾರ್ತಾ' ಆಗಿದೆ, ಹಾಗಾಗಿ ಕೋಡ್ ತಿದ್ದಬೇಕಿತ್ತು. "ಹದಿನಾಲ್ಕು ಮಾಡ್ಯೂಲ್ ಇದೆ ಮಾರಾಯ, ಹೊಸದಾಗಿ ಬರೆಯೋದೇ ವಾಸಿ" ಅಂತ ಟೀಮಿನಲ್ಲಿ ಎಲ್ಲರೂ ಹೇಳಿದ್ದರು. ಹೊರಗಿನವರ ಕೊಟೇಶನ್ ಹತ್ತಿರ ಹತ್ತಿರ 18 ಲಕ್ಷ. ಸ್ಪ್ರಿಂಗ್ ಬೂಟ್ 2.7ರ ಉಚಿತ ಸಪೋರ್ಟ್ 2023ರ ನವೆಂಬರ್‌ಗೇ ಮುಗಿದಿತ್ತು. 3ಕ್ಕೆ ಹೋಗದೆ ವಿಧಿಯಿರಲಿಲ್ಲ.

ಮೊದಲ ಸಲ ನಾನು ಮಾಡಿದ್ದು ಶುದ್ಧ ಪೆದ್ದತನ. ಎಲ್ಲ ಕಡೆ ಜಾವಾಎಕ್ಸ್ ತೆಗೆದು ಜಕಾರ್ತಾ ಹಾಕಿದೆ. ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್, ಕ್ರಿಪ್ಟೋ ಎಲ್ಲ ಜೆಡಿಕೆಯವು (ಜಾವಾದ ಮೂಲ ಕಿಟ್), ಅವು ಬದಲಾಗೇ ಇಲ್ಲ. ಅವುಗಳನ್ನೂ ಕೆಡಿಸಿದ್ದೆ. ಸರಿ ಮಾಡೋಕೆ ಎರಡು ದಿನ. ಬಿಲ್ಡ್ ಪಾಸಾಯಿತು ಅಂತ ರಾತ್ರಿ ಪ್ರೊಡಕ್ಷನ್‌ಗೆ, ಅಂದರೆ ಜನ ಬಳಸುವ ಸರ್ವರ್‌ಗೆ, ಏರಿಸಿದೆವು. ಯಾರೋ ಒಬ್ಬರು ರಿಪೋರ್ಟ್ ಒತ್ತಿದ್ದೇ ತಡ, 'ನೋ ಕ್ಲಾಸ್ ಡೆಫ್ ಫೌಂಡ್', ಅಂದರೆ ಬೇಕಾದ ಕ್ಲಾಸೇ ಸಿಗಲಿಲ್ಲ ಅನ್ನೋ ಎರರ್. ಒಂದು ಹಳೇ ಜಾರ್ (ಕಂಪೈಲ್ ಆದ ಜಾವಾ ಕೋಡಿನ ಕಟ್ಟು) ಒಳಗೊಳಗೇ ಹಳೇ ಸರ್ವ್‌ಲೆಟ್ (ವೆಬ್ ರಿಕ್ವೆಸ್ಟ್ ನೋಡಿಕೊಳ್ಳುವ ಭಾಗ) ಕ್ಲಾಸ್ ಹುಡುಕುತ್ತಿತ್ತು. ಅದರ ಸೋರ್ಸ್ ಯಾರ ಹತ್ತಿರವೂ ಇಲ್ಲ. ಎರಡು ಗಂಟೆಗೆ ರೋಲ್‌ಬ್ಯಾಕ್, ಹಳೇ ವರ್ಷನ್‌ಗೇ ವಾಪಸ್.

ಜಾವಾ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ 9 (ಜಾವಾಎಕ್ಸ್) ಮತ್ತು 10 (ಜಕಾರ್ತಾ) ಅಕ್ಕಪಕ್ಕ ಓಡಿಸಿಯೂ ನೋಡಿದೆ. ಎರಡರ ನಡುವೆ ಸೆಷನ್ (ಲಾಗಿನ್ ಮಾಹಿತಿ) ಹಂಚೋದರಲ್ಲೇ ಸುಸ್ತಾಯಿತು, ಸರ್ವರ್ ಬಿಲ್ ಒಂದೂವರೆ ಪಟ್ಟಾಯಿತು. ಬಿಟ್ಟೆ.

ಕೊನೆಗೆ ಕೆಲಸಕ್ಕೆ ಬಂದದ್ದು ತಿರುಗಾಮುರುಗಾ ದಾರಿ. 2.7ರಲ್ಲೇ ಇದ್ದುಕೊಂಡು ಬಿಸಿನೆಸ್ ಮಾಡ್ಯೂಲ್‌ಗಳಿಂದ ಸರ್ವ್‌ಲೆಟ್ ರಿಕ್ವೆಸ್ಟನ್ನು ಕಿತ್ತು ಹಾಕಿದೆ. ಹನ್ನೊಂದರಲ್ಲಿ ಇತ್ತು. ಒಂದರಲ್ಲಿ ಲಾಗಿನ್ ಆದವರ ಹೆಸರು ಓದೋಕೆ ಮಾತ್ರ! ಅದರ ಜಾಗಕ್ಕೆ ನಮ್ಮದೇ ಪುಟ್ಟ ಇಂಟರ್‌ಫೇಸ್. ಎರಡು ತಿಂಗಳು ವಾರವಾರ ಸಣ್ಣ ರಿಲೀಸ್. "ಏನೂ ಕಾಣ್ತಾನೇ ಇಲ್ವಲ್ಲ" ಅಂತ ಮ್ಯಾನೇಜರ್ ಗೊಣಗಿದರು. ಕಾಣದೇ ಇರೋದೇ ಬೇಕಿತ್ತು, ಅಲ್ವಾ? ಕೊನೆಗೆ ಮುಟ್ಟಬೇಕಾದ ಮಾಡ್ಯೂಲ್ ಬರೀ ಮೂರು.

ಹಳೇ ಜಾರನ್ನು ಟಾಮ್‌ಕ್ಯಾಟ್‌ನವರ ಮೈಗ್ರೇಶನ್ ಟೂಲ್‌ಗೆ ಕೊಟ್ಟರೆ ಬೈಟ್‌ಕೋಡನ್ನೇ (ಕಂಪೈಲ್ ಆದ ಕೋಡನ್ನೇ) ತಿದ್ದಿ ಕೊಟ್ಟಿತು. ಅದಕ್ಕೆ ಬೇರೆ ವರ್ಷನ್ ಹೆಸರು ಇಡಿ. ನಾನು ಹಳೇ ಹೆಸರಲ್ಲೇ ಇಟ್ಟಿದ್ದೆ; ಗೆಳೆಯನ ಮೇವನ್ (ಜಾರ್‌ಗಳನ್ನು ತಂದು ಬಿಲ್ಡ್ ಮಾಡುವ ಟೂಲ್) ಕ್ಯಾಶ್‌ನಲ್ಲಿದ್ದ ಹಳೆಯದನ್ನೇ ಎತ್ತಿಕೊಂಡು ಅರ್ಧ ದಿನ ತಿಂದಿತು.

ಕಾಮನ್ ಮಾಡ್ಯೂಲ್‌ಗೆ ಜಾಪಿಸಿಎಂಪಿ (ಹಳೇ ಜಾರ್, ಹೊಸ ಜಾರ್ ಹೋಲಿಸಿ ನೋಡುವ ಟೂಲ್) ಕಟ್ಟಿದೆ. ಬೇರೆ ಕೋಡ್ ಕರೆಯುವ ಪಬ್ಲಿಕ್ ಮೆಥಡ್ ಮುರಿದರೆ ಬಿಲ್ಡ್ ಬೀಳುತ್ತದೆ. ಮೊದಲು ಸಿಕ್ಕಿಬಿದ್ದವನು ನಾನೇ: ರಿಟರ್ನ್ ಟೈಪನ್ನು ಲಿಸ್ಟ್‌ನಿಂದ ಕಲೆಕ್ಷನ್‌ಗೆ ಸುಮ್ನೆ ಬದಲಿಸಿದ್ದೆ. ಯಾವ ಮಾಡ್ಯೂಲ್ ಮೊದಲು ಎತ್ತಬೇಕು ಅಂತ ಲೆಕ್ಕ ಹಾಕುವ ಸ್ಕ್ರಿಪ್ಟ್ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎರಡನೇ ಸಲ ಏರಿಸಿದಾಗ ಬಿದ್ದದ್ದು ಒಂದೇ. ಕೊನೆಯಲ್ಲಿ ಸ್ಲ್ಯಾಶ್ ಇರುವ ಯುಆರ್‌ಎಲ್‌ಗೆ 3ರಲ್ಲಿ 404 (ಸಿಗಲಿಲ್ಲ ಅನ್ನೋ ಎರರ್) ಬರುತ್ತದೆ. ಒಬ್ಬ ಗಿರಾಕಿಯ ಮೆಷಿನ್ ಹಾಗೇ ಕಳಿಸುತ್ತಿತ್ತು, ಬದಲಿಸಲ್ಲ ಅಂದರು. ಸ್ಲ್ಯಾಶ್ ಕತ್ತರಿಸುವ ಫಿಲ್ಟರ್ ಹಾಕಿ ಹತ್ತು ನಿಮಿಷದಲ್ಲಿ ಮುಗಿಸಿದೆ. ಒಟ್ಟು ಖರ್ಚು, ನಮ್ಮ ಸಂಬಳ ಬಿಟ್ಟು, ಎಪ್ಪತ್ತು ಸಾವಿರದ ಆಸುಪಾಸು.